ಮೂರು ಕಲ್ಲು ಕಂಡಲ್ಲೆಲ್ಲ ಅಗೆದವರಿಗೆ

ಗುಡ್ಡಕ್ಕೆ ಹಸಿರು ತರುವ ಯೋಜನೆಯ ಅಧಿಕಾರಿಗಳೇ,

ಶುಕ್ರವಾರ ಮಧ್ಯಾಹ್ನ ಬ್ಯಾಡಗಿ ಆಚೆಯ ಕುರುಚಲು ಗುಡ್ಡದಲ್ಲಿ ನಿಮ್ಮ ಜೆಸಿಬಿಯ ಬಕೆಟ್ ಬಡಿದು ಅರವತ್ತೆಂಟು ವರ್ಷದ ಕುಲ್ಸುಮಬಿಯವರ ಬಲಗಾಲು ಎರಡು ಕಡೆ ಮುರಿದಿದೆ. ತಿಳಿಸಿದವರು ಅಲ್ಲೇ ನಿಂತಿದ್ದ ನಿಮ್ಮ ಕಾವಲುಗಾರ. ಎಕ್ಸ್‌ರೇ ನಾನೇ ನೋಡಿದ್ದೇನೆ. ‘ಮಹಿಳೆ ಜಾರಿ ಬಿದ್ದಿದ್ದಾರೆ’ ಎನ್ನುತ್ತದೆ ನಿಮ್ಮ ಹೇಳಿಕೆ. ಜಾರಿ ಬಿದ್ದವರ ಮೀನಖಂಡದಲ್ಲಿ ಬಕೆಟ್ಟಿನ ಹಲ್ಲುಗಳ ಗುರುತು ಮೂಡುತ್ತದೆಯೇ?

ಆ ಗುಡ್ಡದಲ್ಲಿ ಗೌರಿ ಹೂ ಬೆಳೆಯುತ್ತದೆ. ಕೆಂಪು, ಹಳದಿ ಎಸಳಿನದು, ಮುಳ್ಳುಪೊದೆ ಹಿಡಿದು ಮೇಲೇರುವ ಬಳ್ಳಿ. ಮಳೆಗಾಲ ಮುಗಿದರೆ ಬಳ್ಳಿ ಒಣಗುತ್ತದೆ, ಗಡ್ಡೆ ಮಣ್ಣೊಳಗೆ ಬದುಕಿರುತ್ತದೆ. ಬೇಸಿಗೆಯಲ್ಲಿ ಕುರಿ ತಂಗಿಸುವವರು ಅದರ ಮೇಲೆ ಗೂಟ ಬಡಿಯದಿರಲೆಂದು ಕುಲ್ಸುಮಬಿ ಪ್ರತಿ ಗಡ್ಡೆಯ ಬಳಿ ಮೂರು ಕಲ್ಲು ಒಟ್ಟುತ್ತಾರೆ. ನಲವತ್ತು ವರ್ಷದಿಂದ ನನ್ನ ತಾಯಿ ನೀಲಗಂಗವ್ವನ ಗೌರಿ ಪೂಜೆಗೆ ಹೂ ತಂದುಕೊಟ್ಟವರು ಅವರೇ.

ನಿಮ್ಮ ಸರ್ವೇ ನಡೆದದ್ದು ಮಾರ್ಚಿನಲ್ಲಿ. ಹೂ ಕಾಣಲಿಲ್ಲ, ‘ಬರಡು’ ಎಂದು ಬರೆದಿರಿ. ಕಲ್ಲು ಕಂಡವು, ‘ಒತ್ತುವರಿಯ ಗುರುತು’ ಎಂದು ಬರೆದಿರಿ. ಹಾಗಾಗಿ ಸಸಿಗೆ ಗುಂಡಿ ತೋಡಲು ಬಂದ ಯಂತ್ರ ಮೊದಲು ಕಲ್ಲಿದ್ದಲ್ಲೇ ಹಲ್ಲೂರಿತು. ಮೊದಲ ಮಳೆಗೆ ಗೇಣುದ್ದ ಚಿಗುರಿದ್ದ ಬಳ್ಳಿಗಳು ಗಡ್ಡೆ ಸೀಳಿಕೊಂಡು ಬಿದ್ದಿವೆ. ಹಸಿರು ಬೆಳೆಸುವವರಿಗೆ ಇಷ್ಟು ಕರಾರುವಾಕ್ಕಾಗಿ ಕೊಲ್ಲಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಕುಲ್ಸುಮಬಿ ಒಂದು ಗಡ್ಡೆಯ ಕಲ್ಲುಗಳ ಮೇಲೆ ಕೂತುಬಿಟ್ಟರು.

“ಏಳಬೇ ಮುದುಕಿ, ಇಲ್ಲಾಂದ್ರ ನಿನ್ನೂ ತೆಗ್ಗಿನ್ಯಾಗ ನೆಟ್ಟಬಿಡ್ತೇನಿ,” ಎಂದ ಚಾಲಕ.

“ನೆಡಪಾ. ನಿಮ್ಮ ಸಸಿಗಿಂತ ಲಗೂ ಚಿಗೀತೇನಿ.”

ಬಕೆಟ್ ಇಳಿಯಿತು. ಚೀರಾಟ ಕೇಳಿದ ಮೇಲೂ ಮತ್ತೊಮ್ಮೆ ಇಳಿಯಿತು ಎಂದು ಕಾವಲುಗಾರ ಹೇಳುತ್ತಾರೆ.

ಈಗ ಒತ್ತುವರಿಯ ಪ್ರಕರಣ ಅವರ ಮೇಲೆಯೇ. ಸ್ವಂತಕ್ಕೆ ಒಂದು ಗುಂಟೆಯೂ ಇಲ್ಲದವರು ಮೂರು ಮೂರು ಕಲ್ಲಿಟ್ಟು ಗುಡ್ಡ ನುಂಗಿದರೇ? ನಿನ್ನೆ ಆಸ್ಪತ್ರೆಯಲ್ಲಿ ಅವರು ಕಾಲಿನ ಮಾತೇ ಎತ್ತಲಿಲ್ಲ.

“ಹಳ್ಳದ ಬಾಜೂಕ ಇನ್ನೂ ಹನ್ನೊಂದು ಅದಾವ. ಹೋಗಿ ಕಲ್ಲು ತಗದಬಿಡು ಬೇಟಾ, ಕಲ್ಲು ನೋಡೇ ಬರ್ತಾರ ಅವ್ರು.”

ತೆಗೆದು ಬಂದೆ. ಕುರಿಯವರಿಂದ ಉಳಿಸಿದ್ದ ಕಲ್ಲು ನಿಮ್ಮಿಂದ ಉಳಿಸಲಾರದು.

ಪ್ರಕರಣ ಹಿಂತೆಗೆದುಕೊಳ್ಳಿ. ಬಕೆಟ್ ಇಳಿಸಿದವನ ಮೇಲೂ ಅವನನ್ನು ಕಳಿಸಿದವರ ಮೇಲೂ ದೂರು ದಾಖಲಿಸಿ. ಹಳ್ಳದ ಬದಿ ಮುಟ್ಟಬೇಡಿ. ಗುಡ್ಡ ಅಳೆಯಲೇಬೇಕಿದ್ದರೆ ಭಾದ್ರಪದದಲ್ಲಿ ಬನ್ನಿ.

ನಿಮ್ಮ ಆದೇಶದಂತೆ ಸೋಮವಾರ ಬೆಳಗ್ಗೆ ಎಂಟಕ್ಕೆ ಹಳ್ಳದ ಬದಿಯಲ್ಲಿ ಕೆಲಸ ಶುರುವಾಗಲಿದೆ. ಅಂದೇ ಹತ್ತೂವರೆಗೆ ಕುಲ್ಸುಮಬಿಯವರ ಕಾಲಿಗೆ ಶಸ್ತ್ರಚಿಕಿತ್ಸೆ.

ಇಂತಿ,
ಹೂವಿನ ಗುರುತನ್ನು ತನ್ನ ಕೈಯಾರೆ ಅಳಿಸಿದ
ವಿರೂಪಾಕ್ಷಪ್ಪ, ಬ್ಯಾಡಗಿ