ಬೀಜದ ತೆಪ್ಪ

ಮನೆ, ಹನ್ನೆರಡನೆಯ ತಾರೀಖು, ಸೋಮವಾರ

ಪ್ರೀತಿಯ ಮೌನಿ ಯಜಮಾನರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ನಿಮ್ಮ ಹೂಳೆತ್ತುವ ಹಡಗಿನ ಅಡುಗೆಯವನು ಈಗಲಾದರೂ ಉಪ್ಪು ಹಾಕಲು ಕಲಿತನೇ? ಹಿಂದಿನ ಪತ್ರದಲ್ಲಿ ನೀವು ಬರೆದದ್ದು ಎರಡೇ ಸಾಲು, ಅದರಲ್ಲಿ ಒಂದು ಹವಾಮಾನದ್ದು. ನನಗೆ ಹವಾಮಾನ ಯಾಕ್ರೀ? ನೀವು ಊಟ ಮಾಡುತ್ತೀರೋ ಇಲ್ಲವೋ, ಅದು ಬೇಕು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ಸಿಟ್ಟಾಗಬೇಡಿ. ಫೋನು ಬಂದ ಕೂಡಲೇ ಮಾವ ಕುರ್ಚಿ ಎಳೆದುಕೊಂಡು ನನ್ನ ಮಗ್ಗುಲಲ್ಲೇ ಕೂರುತ್ತಾರೆ. ನಾನು ಎಲ್ಲ ಚೆನ್ನಾಗಿದೆ ಅನ್ನುವುದನ್ನು ಕೇಳಿಸಿಕೊಂಡೇ ಏಳುತ್ತಾರೆ. ಎಲ್ಲ ಚೆನ್ನಾಗಿಲ್ಲ. ಅದಕ್ಕೇ ಈ ಪತ್ರ.

ನೀವು ಹೋದ ಮೇಲೆ ಮಳೆ ಒಂದೇ ಸಮನೆ ಸುರಿಯಿತು. ಪೇಟೆಯ ಚರಂಡಿ, ಹೊಲದ ಗೊಬ್ಬರ, ಎಲ್ಲವನ್ನೂ ಹೊಳೆ ಬಳಿದುಕೊಂಡು ಬಂದು ನಮ್ಮ ಕೊಲ್ಲಿಗೆ ಚೆಲ್ಲಿತು. ಆಮೇಲೆ ಗಾಳಿ ನಿಂತೇ ಹೋಯಿತು. ಬಿಸಿಲಿಗೆ ಕಡಲು ಸ್ನಾನದ ನೀರಿನಷ್ಟು ಬೆಚ್ಚಗಾಗಿ, ಮೊದಲು ಹಸಿರಾಗಿ, ಒಂದು ವಾರಕ್ಕೆ ತುಕ್ಕಿನ ಬಣ್ಣಕ್ಕೆ ತಿರುಗಿತು. ಬಾಟಲಿ, ಸಣ್ಣ ಬಲೆ ಹಿಡಿದು ದೋಣಿಯಲ್ಲಿ ಬರುವ ನೀರಿನ ಮೇಡಂ ನೆನಪಿದ್ದಾರಲ್ಲ? ಜೆಟ್ಟಿಯ ಶೆಡ್ಡಿಗೆ ಕರೆದು ಒಂದೇ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಾಲಿಡಲು ಜಾಗವಿಲ್ಲದಷ್ಟು ನೂಕುನುಗ್ಗಲು ಅದರೊಳಗೆ. ಎಲ್ಲ ಪ್ಲವಕವಂತೆ, ಬರಿಗಣ್ಣಿಗೆ ಕಾಣದ ಪಾಚಿ. "ಇದನ್ನ ತಿಂದೇ ನಿಮ್ಮ ಚಿಪ್ಪಿ ಕೊಬ್ಬೋದು ಅಕ್ಕಾ. ಆದ್ರೆ ಈ ಜಾತಿದ್ರಲ್ಲಿ ವಿಷ ಇದೆ" ಅಂದರು. ಅವತ್ತೇ ಜೆಟ್ಟಿಯಲ್ಲಿ ಕೆಂಪು ಬಾವುಟ ಏರಿತು. ಯಾರೂ ಚಿಪ್ಪಿ ಎತ್ತುವಂತಿಲ್ಲ, ತಿನ್ನುವಂತಿಲ್ಲ.

ನಿಮ್ಮಪ್ಪ ಬಾವುಟಕ್ಕೆ ಹೆದರುವ ಆಸಾಮಿಯೇ? "ಬಾವುಟಕ್ಕೇನು ನಾಲಿಗೆ ಇದೆಯಾ?" ಅಂದರು. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸದಾಗಿ ಎತ್ತಿದ ಚಿಪ್ಪಿಯನ್ನು ಬೇಯಿಸಿ, ಮನೆಯ ಹಿರಿಯರು ಒಂದು ಚೂರನ್ನು ಕೆಳತುಟಿಯ ಮೇಲಿಟ್ಟುಕೊಂಡು ಮಗುಚಿದ ದೋಣಿಯ ಮೇಲೆ ಕೂರಬೇಕು. ತುಟಿ ಚುರುಗುಟ್ಟಿದರೆ ಪೂರ್ತಿ ಬುಟ್ಟಿ ಕಡಲಿಗೆ ವಾಪಸ್ಸು. ಇಲ್ಲದಿದ್ದರೆ ಎಲ್ಲರಿಗೂ ಊಟ. ಮಾವ ಇಟ್ಟುಕೊಂಡರು, ಕೂತರು, ರಾಜಗಾಂಭೀರ್ಯದಿಂದ ಕೈಯೆತ್ತಿ "ಏನಿಲ್ಲ, ಬಡಿಸು" ಅಂದರು. ಅವರ ತುಟಿ ಹೇಳಿದ ಮೇಲೆ ಈ ಮನೆಯಲ್ಲಿ ಯಾರಾದರೂ ಎರಡನೇ ಮಾತಾಡಿದ್ದುಂಟೇ? ಅವರು ನಾಲ್ಕೇ ಚಿಪ್ಪಿ ಬಾಯಿಗೆ ಹಾಕಿಕೊಂಡರು. ಹಸಿದಿದ್ದ ನಾನು ತಟ್ಟೆ ತುಂಬ ತಿಂದೆ. ಮಗಳು ಮಾತ್ರ, ಅದು ಕಿವಿಯ ಹಾಗಿದೆ, ನಾನು ಕಿವಿ ತಿನ್ನಲ್ಲ ಎಂದು ಹಟ ಹಿಡಿದು ಬರೀ ಅನ್ನ ಉಂಡಳು. ಆ ಹಟಮಾರಿಯನ್ನು ಇನ್ನು ಜನ್ಮದಲ್ಲಿ ಬೈಯುವುದಿಲ್ಲ.

ಪಾತ್ರೆ ತೊಳೆಯುವಾಗ ನನ್ನ ಬೆರಳು ಜೋಮು ಹಿಡಿಯಿತು, ಆಮೇಲೆ ತುಟಿ, ಆಮೇಲೆ ಗಂಟಲು. ಉಸಿರಾಡುವುದು ಹೇಗೆ ಎಂಬುದೇ ಮರೆತಂತಾಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದವರು ಪಕ್ಕದ ಮನೆಯ ಬಡಗಿ. ಗಾಬರಿಯಾಗಬೇಡಿ, ಈಗ ಸರಿಯಾಗಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದು ನನ್ನ ಹಳೆಯ ರೋಗವೇ. ಆದರೆ ಅಲ್ಲಿ ಡಾಕ್ಟರು ಮಾವನನ್ನೂ ಪರೀಕ್ಷಿಸಿ, ಕೆಳತುಟಿಗೆ ಸೂಜಿ ಮುಟ್ಟಿಸಿದರೆ ಅವರು ಕದಲಲೇ ಇಲ್ಲ. ಹೋದ ವರ್ಷ ದವಡೆ ಹಲ್ಲು ಕೀಳಿಸಿದಾಗಿನಿಂದ ತುಟಿ ಸತ್ತುಹೋಗಿದೆಯಂತೆ. ಚಹಾ ಗಲ್ಲದಿಂದ ಅಂಗಿಗೆ ಇಳಿಯುತ್ತಿದ್ದುದನ್ನು ನೋಡಿ ನಾವೆಲ್ಲ ನಕ್ಕಿದ್ದೆವಲ್ಲ, ಅದು ಇದೇ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಆ ದೋಣಿಯ ಮೇಲೆ ಕೂರುವ ಕೆಲಸ ಹೋಗುತ್ತಿತ್ತು, ಅವರಿಗೆ ಉಳಿದಿದ್ದದ್ದು ಅದೊಂದೇ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮನೆಗೆ ಬಂದ ಮೇಲೆ ಮಾವ ನನ್ನ ಮುಖ ನೋಡುವುದಿಲ್ಲ. ದೋಣಿಯ ಕಡೆಗೂ ಹೋಗುವುದಿಲ್ಲ.

ವಿಷ ಇಳಿದ ಮೇಲೆ ಮಾರಬಹುದು ಎಂದು ಕಾದೆವು. ಅದೂ ಆಗಲಿಲ್ಲ. ಆ ಪಾಚಿಯೆಲ್ಲ ಒಟ್ಟಿಗೆ ಸತ್ತು ತಳದಲ್ಲಿ ಕೊಳೆಯತೊಡಗಿತು. ಕೊಳೆಯುವಾಗ ನೀರಿನೊಳಗಿನ ಗಾಳಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದಂತೆ. ಮೀನು ದಡಕ್ಕೆ ಬಂದು ಬಾಯಿ ಬಿಟ್ಟು ಸತ್ತವು. ನಾವು ಚಿಪ್ಪಿ ಬೆಳೆಸಲು ಹೊರಗಿನ ಮೂರು ತೆಪ್ಪದಿಂದ ನೀರಿಗೆ ಇಳಿಬಿಟ್ಟಿದ್ದ ಹಗ್ಗ ಎಳೆದರೆ ಎಲ್ಲ ಬಾಯ್ದೆರೆದು ನಾರುತ್ತಿದ್ದವು. ಮೇಡಂ ತಮ್ಮ ಬಾಟಲಿಯನ್ನೇ ನೋಡುತ್ತ, "ನೀರಿಗೇ ಉಸಿರು ಕಟ್ಟಿದೆ ಅಕ್ಕಾ. ಕಡಲು ವರ್ಷ ವರ್ಷ ಬಿಸಿ ಆಗ್ತಿದೆ, ಇನ್ಮೇಲೆ ಇದು ಬರ್ತಾನೇ ಇರುತ್ತೆ" ಅಂದರು. ಸುಳ್ಳು ಸಮಾಧಾನ ಹೇಳಲಿಲ್ಲ, ಒಳ್ಳೆಯವರು. ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆ.

ಈಗ ಮಾವ ನನ್ನೊಡನೆ ಆಡುವುದು ಒಂದೇ ಮಾತು. ಒಳಗಿನ ಕಾಲುವೆಯ ಬಾಯಲ್ಲಿ, ಸೆಳೆತದ ನೀರಲ್ಲಿ ನೀವು ಕಟ್ಟಿಹೋದ ಬೀಜದ ತೆಪ್ಪದ ಬಗ್ಗೆ. ಆ ತಾಯಿಚಿಪ್ಪಿಗಳು ಉಳಿದರೆ ಸಾಕು, ಅವುಗಳ ಮರಿ ಹಗ್ಗಕ್ಕೆ ಹತ್ತುತ್ತವೆ, ನೀವು ಕರಾರು ಮುಗಿಸಿ ಬಂದು ಎಲ್ಲ ಮೊದಲಿನಿಂದ ಕಟ್ಟುತ್ತೀರಿ ಎಂಬುದು ಅವರ ಲೆಕ್ಕ. "ಬೀಜದ್ದು ಬಾಯಿ ಮುಚ್ಕೊಂಡಿದೆ ತಾನೇ?" ಎಂದು ದಿನಾ ಗೋಡೆಯ ಕಡೆ ತಿರುಗಿಕೊಂಡೇ ಕೇಳುತ್ತಾರೆ. ಮುಚ್ಚಿದ್ದರೆ ಜೀವ ಇದೆ ಎಂದಲ್ಲವೇ ಅರ್ಥ! ಮಗಳು ನಿಮ್ಮ ಅಂಗಿಗೆಂದು ಬಾಗಿಲ ಹಿಂದಿನ ಮೊಳೆಯೊಂದನ್ನು ಖಾಲಿ ಮಾಡಿ ಇಟ್ಟಿದ್ದಾಳೆ. ನಾನು ಅದಕ್ಕೆ ಚೀಲ ತಗುಲಿಹಾಕಿದರೆ ಜಗಳಕ್ಕೇ ಬರುತ್ತಾಳೆ.

ಊಟ ಸರಿಯಾಗಿ ಮಾಡಿ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಮಾವನ ಆಶೀರ್ವಾದಗಳು, ಮಗಳ ಮುತ್ತು.

ಇಂತಿ,
ನಿಮ್ಮ ಬಾಯಿಬಡುಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಬೀಜದ ತೆಪ್ಪವೂ ಹೋಯಿತು ರೀ. ಮೇಡಂ ಜೊತೆ ನಾನೇ ಹೋಗಿ ನೋಡಿದೆ, ಒಂದೂ ಉಳಿದಿಲ್ಲ, ಹಗ್ಗವನ್ನು ನಾನೇ ಕೊಯ್ದು ಬಿಟ್ಟೆ. ನೀವು ಬರಬೇಡಿ. ಕರಾರು ಮುಂದುವರಿಸಿ, ಇಲ್ಲಿ ಬಂದು ಮಾಡಲು ಏನೂ ಇಲ್ಲ. ಫೋನಿನಲ್ಲಿ ಮಾವನಿಗೆ ಬರುತ್ತೇನೆ ಎಂದೇ ಹೇಳುತ್ತಿರಿ. ನಿನ್ನೆ ಅವರು ಬೀಜದ ಚಿಪ್ಪಿಯೊಂದನ್ನು ತಂದು ತೋರಿಸು ಎಂದು ಹಟ ಹಿಡಿದರು. ಖಾಲಿ ಚಿಪ್ಪೊಂದನ್ನು ಉಜ್ಜಿ ತೊಳೆದು, ಒಳಗೆ ಒದ್ದೆ ಮರಳು ತುಂಬಿ, ಮಗಳ ಅಂಟಿನಿಂದ ಬಾಯಿ ಮುಚ್ಚಿ ಕೊಟ್ಟೆ. ತುಂಬ ಹೊತ್ತು ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ಆ ಸತ್ತ ತುಟಿಗೇ ಒತ್ತಿಕೊಂಡು, "ಜೀವ ಇದೆ ಕಣಮ್ಮಾ" ಅಂದರು.