ನಿಂತೇ ಹೇಳಬೇಕಾದ ಮಾತು

ಮಣಿಪಾಲ
15-11-2008, ಶನಿವಾರ

ಪ್ರೀತಿಯ ತಮ್ಮ ಕಿಟ್ಟನಿಗೆ, ಅಕ್ಕ ಮೋಹಿನಿಯ ಆಶೀರ್ವಾದ.

ಆರೋಗ್ಯ ಹೇಗುಂಟು? ಫೋನಿನಲ್ಲಿ ಕೇಳಿದರೆ "ಎಲ್ಲ ಸಮ ಉಂಟು" ಎಂದು ಇಟ್ಟುಬಿಡುತ್ತಿ. ರತ್ನಾಗಿರಿಯ ಬೋಟಿನಲ್ಲಿ ಅಷ್ಟು ಸಮ ಎಲ್ಲಿಂದ ಸಿಗುತ್ತದೋ, ಸ್ವಲ್ಪ ಇಲ್ಲಿಗೂ ಕಳಿಸು. ಅದಕ್ಕೇ ಈ ಕಾಗದ. ಕಾಗದವನ್ನು ನೀನು ಫೋನಿನಂತೆ ನಡುವೆ ಇಡುವ ಹಾಗಿಲ್ಲ.

ವಿಷಯ ನಿನ್ನ ಮಗಳು ಕಾವ್ಯಳದ್ದು. ಅವಳ ಕಂಪ್ಯೂಟರ್ ಆಫೀಸು ನಮ್ಮ ಹೋಟೆಲಿನ ಮಾಳಿಗೆಯಲ್ಲೇ ಅಲ್ವಾ. ಬೆಳಿಗ್ಗೆ ಅವರ ಟೀಮು ಕೆಳಗಿಳಿದು, ಚಾ ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಸುತ್ತ ನಿಲ್ಲುತ್ತದೆ. ಕುರ್ಚಿ ಖಾಲಿ ಇದ್ದರೂ ಕೂರುವುದಿಲ್ಲ. ಕೂತರೆ ಮಾತು ಉದ್ದವಾಗುತ್ತದಂತೆ. ಇದನ್ನು ಮೊದಲೇ ಕಲಿತಿದ್ದರೆ ನನ್ನ ಹೋಟೆಲಿನ ಅರ್ಧ ಗಿರಾಕಿಗಳನ್ನು ನಿಲ್ಲಿಸಿಯೇ ಚಾ ಕೊಡುತ್ತಿದ್ದೆ! ಒಬ್ಬೊಬ್ಬರೂ ನಿನ್ನೆ ಎಂತ ಮಾಡಿದೆ, ಇವತ್ತು ಎಂತ ಮಾಡುತ್ತೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಹೇಳಬೇಕು. ನನಗೆ ಅರ್ಥವಾಗದ್ದು ಆ ಕೊನೆಯ ಮಾತು. ಮೊನ್ನೆ ಅನ್ನಪೂರ್ಣ ಎಂಬ ಧಾರವಾಡದ ಹುಡುಗಿ ನಾಚಿಕೆಯಿಲ್ಲದೆ "ನಂಗ ಇದು ತಿಳೀವಲ್ದು, ಯಾರರ ಬರ್ರಿ" ಅಂದಳು. ಬೈಗುಳ ಬೀಳುತ್ತದೆ ಎಂದು ನಾನು ಲೋಟ ಎತ್ತುವುದನ್ನೇ ನಿಲ್ಲಿಸಿ ಕಿವಿಗೊಟ್ಟೆ. ಬೈಯಲಿಲ್ಲ ಮಾರಾಯ! ಇಬ್ಬರು ಅವಳ ಜೊತೆ ಹೋಗಿ ಕೂತರು, ಊಟಕ್ಕೆ ಇಳಿಯುವಾಗ ಅವಳು ನಗುತ್ತಿದ್ದಳು. ತನ್ನ ಸೋಲನ್ನು ತಾನೇ ಸಾರಿದವಳಿಗೆ ಮರ್ಯಾದೆ. ಇದು ಯಾವ ಲೆಕ್ಕ?

ನಮ್ಮ ಮನೆಯ ಲೆಕ್ಕ ಬೇರೆ ಅಲ್ವಾ. ನೀನು ಮಲ್ಪೆಯಲ್ಲಿ ಬೋಟು ನಡೆಸುತ್ತಿದ್ದಾಗ ವಯರ್‌ಲೆಸ್ಸಿನಲ್ಲಿ ಯಾರು ಕೇಳಿದರೂ ಒಂದೇ ಉತ್ತರ, "ಎಂತ ಇಲ್ಲ." ಬಲೆ ತುಂಬಿದ್ದರೂ ಎಂತ ಇಲ್ಲ, ಬಲೆ ಹರಿದಿದ್ದರೂ ಎಂತ ಇಲ್ಲ. ದಡ ಮುಟ್ಟುವ ಮೊದಲು ಬಾಯಿ ಬಿಟ್ಟರೆ ಬೇರೆ ಬೋಟಿನವರು ಬಂದು ಮುತ್ತುತ್ತಾರೆ. ತೊಂದರೆಯ ಹೆಸರು ನೀರಿನ ಮೇಲೆ ಎತ್ತಲೇಬಾರದು. ಕಾವ್ಯ ಅದನ್ನು ಕೇಳಿಯೇ ಬೆಳೆದವಳು. ಹಾಗಾಗಿ ಅವಳ ಸರದಿ ಬಂದಾಗ ದಿನವೂ "ಎಂತ ಇಲ್ಲ ಸರ್, ಆಗ್ತಾ ಉಂಟು" ಅನ್ನುತ್ತಾಳೆ.

ಆಗ್ತಾ ಇಲ್ಲ ಕಿಟ್ಟ. ಮೇಲೆ ಅವರ ಗೋಡೆಯಲ್ಲಿ ಹಳದಿ ಚೀಟಿಗಳುಂಟು. ಕೆಲಸ ಮುಗಿದ ಹಾಗೆ ಚೀಟಿ ಬಲಕ್ಕೆ ಹೋಗುತ್ತದೆ. ನಾನು ಬನ್ಸ್ ಕೊಡಲು ಹೋದಾಗಲೆಲ್ಲ ನೋಡುತ್ತೇನೆ, ಕಾವ್ಯಳ ಚೀಟಿ ನಡುವಿನಲ್ಲೇ ಅಂಟಿಕೊಂಡಿದೆ. ಬಸ್ಸಿನವರ ಸೀಟು ಬುಕ್ಕಿಂಗಿನ ಕೆಲಸವಂತೆ. ಟಿಕೇಟು ರದ್ದು ಮಾಡಿದರೆ ಆ ಸೀಟು ಮತ್ತೆ ಖಾಲಿ ಎಂದು ತೋರಿಸಬೇಕು, ಇವಳದ್ದು ತೋರಿಸುವುದಿಲ್ಲ ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದಾಳೆ. ಬರುವ ಶುಕ್ರವಾರ ಬಸ್ಸಿನವರು ನೋಡಲು ಬರುತ್ತಾರೆ. ಟೀಮಿನ ಯಜಮಾನ ಪರಮಾನಂದ, ಅವನೂ ಧಾರವಾಡ ಕಡೆಯವನೇ, ನಿನ್ನೆ ಗಲ್ಲಾದ ಹತ್ತಿರ ನಿಂತು ಮೆಲ್ಲಗೆ ಹೇಳಿದ: "ಅಕ್ಕಾರ, ಕೆಲಸ ಕೆಟ್ರ ನಡೀತೈತ್ರಿ, ಮುಚ್ಚಿಟ್ರ ನಡ್ಯೂದಿಲ್ಲ. ಮುಂದಿನ ಶುಕ್ರವಾರ ಹಿಂಗ ಆದ್ರ ಆಕೀನ್ನ ಟೀಮಿನ್ಯಾಗ ಇಟ್ಕೊಳ್ಳಾಕ ಆಗೂದಿಲ್ಲ."

ನಿನ್ನೆ ಸಂಜೆ ಪಾತ್ರೆ ತೊಳೆಯುವಲ್ಲಿ ಅವಳು ಅಳುವುದನ್ನು ನೋಡಿದೆ. "ಹೇಳಿಬಿಡು ಮಗಾ" ಅಂದರೆ, "ಅತ್ತೆ, ನಮ್ಮ ಅಪ್ಪ ಯಾವತ್ತಾದರೂ ಹೇಳಿದ್ದುಂಟಾ?" ಎಂದು ನನ್ನನ್ನೇ ಕೇಳಿದಳು. ಎಲ್ಲಿ ಸಿಕ್ಕಿಬಿದ್ದಿದ್ದಾಳೆಂದು ಪರಮಾನಂದನಿಗೆ ನಾನೇ ಹೇಳಬಹುದು, ಆದರೆ ಹೇಳಬೇಡಿ ಎಂದು ಕೈ ಹಿಡಿದಿದ್ದಾಳೆ. ಹೇಳಿದರೆ ಅವಳ ನಂಬಿಕೆ ಹೋಯಿತು, ಹೇಳದಿದ್ದರೆ ಕೆಲಸ ಹೋಯಿತು. ಯಾವ ಕಡೆಯಿಂದ ಕೂಡಿಸಿದರೂ ತಾಳೆ ಬೀಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮೋಹಿನಿ

ಮರೆತ ಮಾತು: ಈ ಕಾಗದ ತರುವ ಶೇಖರ ರೈಲಿಗೆ ಹೊತ್ತಾಯಿತೆಂದು ಕುಣಿಯುತ್ತಿದ್ದಾನೆ. ನಿನ್ನ ಬೋಟಿನವನಲ್ವಾ, ಮೀನು ಊಟ ಬಡಿಸಿ ಕೇಳಿದೆ, ಎಲ್ಲ ಹೇಳಿದ. ಬಲೆಯ ಹಗ್ಗಕ್ಕೆ ಸಿಕ್ಕಿ ಕಳೆದ ತಿಂಗಳಿಂದ ನಿನ್ನ ಬಲಗೈ ಬ್ಯಾಂಡೇಜಿನಲ್ಲಿದೆಯಂತೆ. ಎಲ್ಲ ಸಮ ಉಂಟಲ್ಲ? ಬೈಯುವುದು ಆಮೇಲೆ. ಸೋಮವಾರ ಬೆಳಿಗ್ಗೆ ಅವರು ಚಾಕ್ಕೆ ಇಳಿಯುವ ಮೊದಲು ಹೋಟೆಲಿಗೆ ಫೋನು ಮಾಡು, ಕಾವ್ಯಳಿಗೇ ಕೊಡುತ್ತೇನೆ. ಅವಳ ಕೆಲಸದ ಮಾತು ಎತ್ತಬೇಡ. ನಿನ್ನ ಕೈಯ ವಿಷಯ ಮಾತ್ರ ಹೇಳು.