ಪ್ಲಾಟಿನಲ್ಲಿ ಚರಗ

ಸನತ್‌ನಗರ, ಹೈದರಾಬಾದ್
೬ ಜುಲೈ ೨೦೨೫

ಚಿರಂಜೀವಿ ತಮ್ಮ ಕಲ್ಲೇಶನಿಗೆ ಆಶೀರ್ವಾದಗಳು.

ನಾವು ಕ್ಷೇಮ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಎಳ್ಳಮಾವಾಸ್ಯೆ ಮುಗಿದಾಗಲೇ ಬರೆಯಬೇಕಿತ್ತು; ನಾನೂ ಸೆಟೆದುಕೊಂಡು ಕೂತೆ, ತಡವಾಯಿತು. ನಮ್ಮಿಬ್ಬರ ಪ್ಲಾಟುಗಳ ನಡುವಿನ ಹದ್ದಿನ ಕಲ್ಲಿನ ಜಗಳ ನಮ್ಮಿಬ್ಬರದು, ಅದನ್ನು ಇಲ್ಲಿ ತರುವುದಿಲ್ಲ. ಇದು ನಿನ್ನ ವೈನಿ ಸೂಗಮ್ಮನ ಸುದ್ದಿ.

ಶಂಕರಪಲ್ಲಿಯ ನಮ್ಮ ಲೇಔಟಿನಲ್ಲಿ ಪ್ಲಾಟ್ ಕೊಂಡು ಮರೆತವರೇ ಎಲ್ಲ. ಹಾದಿಗುಂಟ ಒಂದು ಗಿಡ ಇರಲಿಲ್ಲ. ಇವಳು ಮಾಲೀಕರಿಗೆಲ್ಲ ಫೋನ್ ಮಾಡಿ ಎಳ್ಳಮಾವಾಸ್ಯೆಗೆ ಅಲ್ಲೇ ಊಟಕ್ಕೆ ಕರೆದಳು. ಕಡುಬು, ಭಜ್ಜಿ, ಸಜ್ಜೆರೊಟ್ಟಿ ಹೊತ್ತು ಹೋದೆವು. ನಮ್ಮೂರ ಹೊಲದಲ್ಲಿ ಮಾಡುವ ಹಾಗೆ, ಅವರವರ ಪ್ಲಾಟಿನಲ್ಲಿ ಅವರವರ ಕೈಯಿಂದಲೇ ತಂದ ಅಡುಗೆಯನ್ನು ಭೂಮಿತಾಯಿಗೆ ಚರಗ ಚೆಲ್ಲಿಸಿದಳು. ತೆಲುಗಿನವರು ಕಣ್ಣು ಕಣ್ಣು ಬಿಟ್ಟರು.

"ಗಜದ ಲೆಕ್ಕದಾಗ ತಗೊಂಡ್ರೂ ಇದು ಹೊಲಾನ ಐತ್ರಿ. ಉಣ್ಣಾಕ ಹಾಕೀರಿ, ಇನ್ನ ನೆರಳೂ ಕೊಡ್ರಿ," ಎಂದಳು. ಭಜ್ಜಿ ತಿಂದ ಬಾಯಿಂದ ಒಲ್ಲೆ ಎನ್ನುವುದು ಹೇಗೆ? ಹಾದಿಯ ಬದಿಗೆ ಮೂರಡಿ ಬಿಟ್ಟು ಗಿಡ ಹಚ್ಚಲು ಎಲ್ಲರೂ ಒಪ್ಪಿದರು.

ಈಗ ಮಳೆ ಹಿಡಿದಿದೆ, ಬೇವು, ಹೊಂಗೆ ನೆಟ್ಟಾಗಿದೆ. ಮಳೆ ಬಾರದ ದಿನ ನಮ್ಮ ಲೇಔಟಿನ ಜಿಪುಣ ವೀರಭದ್ರಪ್ಪನೇ ಎಲ್ಲರ ಗಿಡಕ್ಕೂ ಟ್ಯಾಂಕರ್ ನೀರು ತರಿಸುತ್ತಾನೆಂದರೆ ನೋಡು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಹೆಂಗಸು ಇಷ್ಟು ದೊಡ್ಡವಳೆಂದು ನನಗೆ ತಿಳಿದಿರಲಿಲ್ಲ. ಹೆಮ್ಮೆಯಾಗುತ್ತದೆ.

ನಿನ್ನ ಪ್ಲಾಟಿನ ಮುಂದೆ ಮಾತ್ರ ಸಾಲು ತುಂಡಾಗಿದೆ. ಗೇಟಿಗೆ ನಿನ್ನ ಬೀಗ. ಬೇಲಿ ದಾಟಿ ನಾನೇ ಒಂದು ನೆಟ್ಟುಬಿಡಲೇ ಎಂದು ಇವಳನ್ನು ಕೇಳಿದೆ.

"ಬ್ಯಾಡ್ರಿ. ಅವನ ನೆಲದಾಗ ಅವನ ಕೈಲೇ ಹಚ್ಚಬೇಕು. ಒಂದು ಬೇವಿನ ಸಸಿ ತೆಗೆದಿಟ್ಟೀನಿ," ಎಂದಳು. ದಿನಾ ಅದಕ್ಕೆ ನೀರು ಹಾಕುತ್ತಾಳೆ. ಬರುವ ರವಿವಾರ ಬಾ. ನನ್ನ ಜೊತೆ ಮಾತಾಡದಿದ್ದರೂ ನಡೆದೀತು.

ರಶ್ಮಿಗೂ ಮಗು ಪಿಂಕಿಗೂ ಶರಣಬಸವೇಶ್ವರನ ಕೃಪೆ ಇರಲಿ. ನೀನು ನೂರು ಕಾಲ ಬಾಳು.

ನಿನ್ನ ಅಣ್ಣ,
ಶಿವಶರಣಪ್ಪ

ತಾ.ಕ.: ಅಂದು ಊಟಕ್ಕೆ ಕೂತಾಗ ವೀರಭದ್ರಪ್ಪ, "ನಿಮ್ಮ ಮೈದುನ ಬರಲಿಲ್ಲೇನ್ರಿ?" ಎಂದು ಕೇಳಿದ. ಅವ್ವ ತೀರಿದ ಮೇಲೆ ನಿನ್ನನ್ನು ಸಾಕಿದ ವೈನಿ, "ಅಂವ ಭಾಳ ದೂರ ಇರ್ತಾನ್ರಿ, ರಜಾ ಸಿಗಂಗಿಲ್ಲ," ಎಂದು ಅವನ ಎಲೆಗೆ ಇನ್ನೊಂದು ಕಡುಬು ಹಾಕಿದಳು. ನೀನಿರುವ ಮೆಹದಿಪಟ್ಟಣಂನಿಂದ ನಮ್ಮ ಮನೆಗೆ ಮುಕ್ಕಾಲು ತಾಸಿನ ಹಾದಿ, ಕಲ್ಲೇಶ.